ನಾಣ್ಯ ಚಿಮ್ಮಿ ಚಿತ್ರಕಥೆ: ಮೊದಲ ಸಲ ಬರೆಯುವವರಿಗೆ

ನಾನು ಬರೆಯಬೇಕಿದ್ದ ಸಿನಿಮಾದ ಬಿಡುಗಡೆಯ ದಿನ ನನಗೆ ಎರಡು ವರ್ಷ ಮೊದಲೇ ಬಾಯಿಪಾಠವಾಗಿತ್ತು. ಕೆಂಪೇಗೌಡ ರಸ್ತೆಯ ಚಿತ್ರಮಂದಿರ, ಗೇಟಿಗೆ ನೇತುಹಾಕಿದ ಹೌಸ್‌ಫುಲ್ ಬೋರ್ಡು, ಒಳಗೆ ಕತ್ತಲಾಗುತ್ತಿದ್ದಂತೆ ಪರದೆಯ ಮೇಲೆ ‘ಕಥೆ, ಚಿತ್ರಕಥೆ, ಸಂಭಾಷಣೆ’ ಎಂಬ ಸಾಲು, ಅದರ ಕೆಳಗೆ ನನ್ನ ಹೆಸರು. ಅಕ್ಷರಗಳು ಯಾವ ಬಣ್ಣದಲ್ಲಿರಬೇಕು ಎಂಬುದನ್ನೂ ಗೊತ್ತುಮಾಡಿಕೊಂಡಿದ್ದೆ. ಮೊದಲ ದೃಶ್ಯ ಮಾತ್ರ ಬರೆದಿರಲಿಲ್ಲ.

ಇದನ್ನು ನಾನು ಸಕಾರಾತ್ಮಕ ಚಿಂತನೆ ಎಂದೇ ತಿಳಿದಿದ್ದೆ. ಅಮೆರಿಕದ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ ಪುಸ್ತಕ ಬರೆದು ಹೇಳಿದ್ದನ್ನೇ ಇವತ್ತಿನ ಮೊಬೈಲ್ ಭಾಷಣಕಾರರೂ ಹೇಳುತ್ತಾರೆ: ಗೆಲುವಿನ ಚಿತ್ರವನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಿ. ನಾನು ಅಚ್ಚೊತ್ತಿಕೊಂಡಿದ್ದೆ. ಹಾಗಾದರೆ ಹಾಳೆ ಏಕೆ ಖಾಲಿ? ಆ ಸಿಟ್ಟಿನಲ್ಲೇ ಒಂದು ಪರೀಕ್ಷೆ ಇಟ್ಟುಕೊಂಡೆ. ಮೂರು ತಿಂಗಳಲ್ಲಿ ಚಿತ್ರಕಥೆಯ ಮೊದಲ ಕರಡು ಮುಗಿಸಬೇಕು, ಬರೆಯುತ್ತಲೇ ಈ ಚಿಂತನೆಯ ಶಕ್ತಿ ಎಷ್ಟೆಂದು ಅಳೆಯಬೇಕು. ಕರಡಂತೂ ಮುಗಿಯಿತು. ಅಳತೆಯ ಕಥೆ ಮುಂದೆ ಬರುತ್ತದೆ.

ನಾನು ಸಿನಿಮಾದವನಲ್ಲ. ಹಗಲೆಲ್ಲ ಲೆಕ್ಕಪತ್ರದ ಕೆಲಸ. ಬೆಳಗಿನ ಐದೂವರೆಯಿಂದ ಆರೂವರೆಯವರೆಗಿನ ಒಂದು ಗಂಟೆ ಮಾತ್ರ ನನ್ನದು. ನಿಮಗೂ ಅಷ್ಟು ಸಮಯ ಸಿಗುವುದಾದರೆ ಕೆಳಗಿನದನ್ನೆಲ್ಲ ಮಾಡಬಹುದು.

ಒಂದೆಳೆ ಹಿಡಿಯಿರಿ

ಇಡೀ ಕಥೆಯನ್ನು ಒಂದು ವಾಕ್ಯದಲ್ಲಿ ಹೇಳುವುದಕ್ಕೆ ಗಾಂಧಿನಗರದಲ್ಲಿ ‘ಒಂದೆಳೆ’ ಎನ್ನುತ್ತಾರೆ. ಯಾರ ಕಥೆ, ಅವರಿಗೆ ಏನು ಬೇಕಾಗಿದೆ, ಅಡ್ಡ ನಿಂತಿರುವುದು ಯಾವುದು ಎಂಬುದು ಆ ವಾಕ್ಯದಲ್ಲಿ ಸಿಗಬೇಕು. ‘ಗ್ರಾಮೀಣ ಬದುಕಿನ ತಲ್ಲಣಗಳು’ ಎಂದು ಬರೆದಿಟ್ಟರೆ ವಿಚಾರ ಸಂಕಿರಣ ಮಾಡಬಹುದೇ ಹೊರತು ಸಿನಿಮಾ ಮಾಡಲಾಗುವುದಿಲ್ಲ.

ನಾನು ಬೆಳೆದದ್ದು ಕೋಲಾರದ ಕಡೆ. ಜೀವನದಿ ಇಲ್ಲದ ಜಿಲ್ಲೆ. ಕೆರೆ ಬತ್ತಿದರೆ ಕೊಳವೆಬಾವಿಯೇ ಗತಿ, ಅದು ಸಾವಿರ ಅಡಿ ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆದು, ಕಾಯಿ ಎದ್ದು ನಿಂತ ಕಡೆ ‘ಇಲ್ಲಿ ಕೊರೆಸಿ’ ಎನ್ನುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನೆಲದಡಿಯ ಕಲ್ಲಿನ ಬಿರುಕಿನಲ್ಲಿ ನೀರಿದ್ದರೆ ಬರುತ್ತದೆ, ಇಲ್ಲದಿದ್ದರೆ ಧೂಳು. ಕಾಯಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಭೂವಿಜ್ಞಾನ ಓದಿದವರು ಹೇಳುತ್ತಾರೆ. ಆದರೂ ಕೊರೆಸುವ ಹಿಂದಿನ ದಿನ ಓದಿದವರ ಮನೆಯಲ್ಲೂ ಒಂದು ಕಾಯಿ ಹೊರಬರುತ್ತದೆ. ನನ್ನ ಒಂದೆಳೆ ಅಲ್ಲಿಂದ ಬಂತು: ‘ಕಾಯಿ ಹಿಡಿದು ನೀರು ತೋರಿಸುವ ಮುನಿಯಪ್ಪನ ಮಾತು ನಂಬಿ ಅವನ ತಮ್ಮ ವೆಂಕಟೇಶ ಸಾಲ ಮಾಡಿ ಕೊರೆಸಿದ ಬಾವಿಯಲ್ಲಿ ಬರೀ ಧೂಳು ಬರುತ್ತದೆ, ಸಾಲ ಕೊಟ್ಟವರು ಹೊಲ ಬರೆಸಿಕೊಳ್ಳುವ ಮೊದಲು, ತನ್ನ ಕೈ ಮೇಲೆ ತನಗೇ ನಂಬಿಕೆ ಹೋದ ಮುನಿಯಪ್ಪ ಎರಡನೇ ಜಾಗ ತೋರಿಸಬೇಕು.’ ನಂಬಿಕೆಯಿಂದ ನೀರು ಬರುತ್ತದೆಯೇ ಎಂಬ ಪ್ರಶ್ನೆ ಅವನಿಗೆ ಎಷ್ಟಿತ್ತೋ ನನಗೂ ಅಷ್ಟೇ ಇತ್ತು.

ನಿಮ್ಮ ಒಂದೆಳೆಯನ್ನು ಮೂವರಿಗೆ ಹೇಳಿ ನೋಡಿ. ‘ಚೆನ್ನಾಗಿದೆಯೇ’ ಎಂದು ಕೇಳಬೇಡಿ, ನಮ್ಮವರು ಮುಖ ನೋಡಿ ಚೆನ್ನಾಗಿದೆ ಎಂದೇಬಿಡುತ್ತಾರೆ. ಹೇಳಿ ಸುಮ್ಮನಿರಿ. ಕಾಫಿ ಲೋಟ ಕೆಳಗಿಟ್ಟು ‘ಆಮೇಲೆ?’ ಎಂದವರೆಷ್ಟು ಮಂದಿ ಎಂದು ಎಣಿಸಿ. ಮೂವರಲ್ಲಿ ಒಬ್ಬರೂ ಕೇಳದಿದ್ದರೆ ‘ಏನು ಬೇಕಾಗಿದೆ’ ಎಂಬ ಭಾಗ ಸಡಿಲವಾಗಿದೆ ಎಂದರ್ಥ.

ಕಂಡರಿಯದ ಲೋಕವನ್ನು ಮೊದಲ ಸಲಕ್ಕೆ ಕೈಗೆತ್ತಿಕೊಳ್ಳದಿರುವುದು ಒಳಿತು. 2015ರ ‘ತಿಥಿ’ಯನ್ನು ಈರೇಗೌಡ ಮತ್ತು ನಿರ್ದೇಶಕ ರಾಮ್ ರೆಡ್ಡಿ ಸೇರಿ ಬರೆದರು, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಚಿತ್ರೀಕರಿಸಿದರು, ನಟನೆ ಗೊತ್ತಿಲ್ಲದ ಹಳ್ಳಿಯವರನ್ನೇ ಪಾತ್ರಗಳಿಗೆ ಆರಿಸಿಕೊಂಡರು. ಆ ಚಿತ್ರಕ್ಕೆ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಕಣ್ಣೆದುರಿನ ಮನುಷ್ಯರನ್ನು ನೋಡಿ ಬರೆಯುವುದರಿಂದ ಹೊಸಬರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಒಂದು ನೋಟ್‌ಬುಕ್ಕು, ಒಂದು ನಾಣ್ಯ

ಪರೀಕ್ಷೆಯ ಭಾಗ ಇದು. ಬೇಡವೆನಿಸಿದವರು ಮುಂದಿನ ಭಾಗಕ್ಕೆ ಹೋಗಬಹುದು, ಆದರೆ ನನ್ನನ್ನು ಮೇಜಿನ ಮುಂದೆ ಕೂರಿಸಿದ್ದು ಇದೇ.

ಮೊದಲು ಯೋಚಿಸಿದ್ದು ಹೀಗೆ: ಒಂದು ತಿಂಗಳು ಗೆಲುವನ್ನು ಊಹಿಸಿಕೊಂಡು ಬರೆಯುವುದು, ಮರುತಿಂಗಳು ಬೇರೆ ರೀತಿ, ಆಮೇಲೆ ಹೋಲಿಸುವುದು. ಲೆಕ್ಕಪತ್ರದವನ ಬುದ್ಧಿ ಅಲ್ಲಿ ಅಡ್ಡ ಬಂತು. ಎರಡನೇ ತಿಂಗಳ ಹೊತ್ತಿಗೆ ಪಾತ್ರಗಳ ಪರಿಚಯವಾಗಿರುತ್ತದೆ, ಕೈ ಪಳಗಿರುತ್ತದೆ. ಕೆಲಸ ಹೆಚ್ಚು ನಡೆದರೆ ಅದರ ಪುಣ್ಯ ಯಾರ ಖಾತೆಗೆ? ಅದಕ್ಕಾಗಿ ಪ್ರತಿ ಬೆಳಗ್ಗೆ ನಾಣ್ಯ ಚಿಮ್ಮತೊಡಗಿದೆ. ಸಿಂಹ ಬಿದ್ದರೆ ಐದು ನಿಮಿಷ ಕಣ್ಣು ಮುಚ್ಚಿ ಬಿಡುಗಡೆಯ ದಿನವನ್ನು ನೋಡುವುದು: ಬೋರ್ಡು, ಸಾಲು, ಚಪ್ಪಾಳೆ. ಅಂಕಿ ಬಿದ್ದರೆ ಅದೇ ಐದು ನಿಮಿಷದಲ್ಲಿ ಇವತ್ತಿನ ದೃಶ್ಯ ಮುಗಿದರೆ ಆಗುವ ಸಂತೋಷವನ್ನು ಒಂದು ಗಳಿಗೆ ನೆನೆದು, ಅದು ಮುಗಿಯದಂತೆ ತಡೆಯುವುದು ನನ್ನೊಳಗೆ ಏನಿದೆ ಎಂದು ಹುಡುಕಿ, ಅದು ಎದುರಾದಾಗ ಏನು ಮಾಡುತ್ತೇನೆಂದು ಒಂದು ಸಾಲು ಬರೆಯುವುದು. ಆಮೇಲೆ ಎರಡೂ ದಿನ ಒಂದೇ ಕೆಲಸ, ಐವತ್ತೈದು ನಿಮಿಷ ಬರವಣಿಗೆ.

ಎರಡನೆಯ ರೀತಿ ನನ್ನ ಕಲ್ಪನೆಯಲ್ಲ. ಜರ್ಮನಿಯಲ್ಲಿ ಹುಟ್ಟಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಲಿಸುವ ಮನೋವಿಜ್ಞಾನಿ ಗೇಬ್ರಿಯೆಲೆ ಓಟ್ಟಿಂಗೆನ್ ಇದನ್ನು ದಶಕಗಳಿಂದ ಪರೀಕ್ಷಿಸಿದ್ದಾರೆ. ಆಸೆ, ಅದರ ಫಲ, ಅಡ್ಡಿ, ಯೋಜನೆ ಎಂಬ ನಾಲ್ಕು ಮೆಟ್ಟಿಲು ಅವರದು. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಭೇದ. ತೂಕ ಇಳಿಸಲು ಬಂದ ಮಹಿಳೆಯರನ್ನು ಸಂಶೋಧಕ ಥಾಮಸ್ ವಾಡನ್ ಜೊತೆ ಸೇರಿ ಅವರು ಒಂದು ವರ್ಷ ಗಮನಿಸಿ 1991ರಲ್ಲಿ ಪ್ರಕಟಿಸಿದರು. ‘ನನ್ನಿಂದ ಆಗುತ್ತದೆ’ ಎಂಬ ಭರವಸೆ ಇದ್ದವರು ಹೆಚ್ಚು ತೂಕ ಇಳಿಸಿಕೊಂಡಿದ್ದರು. ತೆಳ್ಳಗಾದ ತಮ್ಮನ್ನು ಸುಲಲಿತವಾಗಿ, ಬಣ್ಣಬಣ್ಣವಾಗಿ ಕಲ್ಪಿಸಿಕೊಳ್ಳುತ್ತಿದ್ದವರು ಕಡಿಮೆ ಇಳಿಸಿದ್ದರು. ಭರವಸೆ ಹಿಂದಿನ ಅನುಭವದ ಮೇಲೆ ನಿಲ್ಲುತ್ತದೆ, ಹಗಲುಗನಸಿಗೆ ಅದರ ಹಂಗಿಲ್ಲ. ನಾವು ಎರಡನ್ನೂ ಒಂದೇ ಹೆಸರಿನಿಂದ ಕರೆದು ಗೊಂದಲ ಮಾಡಿಕೊಂಡಿದ್ದೇವೆ. ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದ ವಿದ್ಯಾರ್ಥಿಗಳ ಬಗ್ಗೆ 2002ರಲ್ಲಿ ಬಂದ ಅವರ ಇನ್ನೊಂದು ಅಧ್ಯಯನದಲ್ಲೂ ಕೆಲಸ ಸಿಕ್ಕಂತೆ ಹೆಚ್ಚು ಹೆಚ್ಚು ಕನಸು ಕಂಡವರು ಕಡಿಮೆ ಅರ್ಜಿ ಹಾಕಿದ್ದರು, ಎರಡು ವರ್ಷದ ನಂತರ ಕಡಿಮೆ ಸಂಬಳ ಪಡೆಯುತ್ತಿದ್ದರು. ಅದನ್ನು ಓದಿದ ರಾತ್ರಿ ನನ್ನ ಹೌಸ್‌ಫುಲ್ ಬೋರ್ಡು ಕಣ್ಣ ಮುಂದೆ ಬಂದು ನಾಚಿಕೆಯಾಯಿತು.

ನೋಟ್‌ಬುಕ್ಕಿನಲ್ಲಿ ಐದು ಗೆರೆ ಎಳೆಯಿರಿ: ದಿನಾಂಕ, ನಾಣ್ಯದ ಮುಖ, ನಿಜವಾಗಿ ಕೂತ ನಿಮಿಷ, ಮುಗಿದ ದೃಶ್ಯ, ಮತ್ತು ‘ನಾಳೆಯೂ ಬರೆಯುತ್ತೇನೆ’ ಎಂಬ ನಂಬಿಕೆಗೆ ಹತ್ತರಲ್ಲಿ ಎಷ್ಟು ಅಂಕ. ಕೊನೆಯದನ್ನು ಬರೆದು ಮುಗಿಸಿದ ಮೇಲೆ ತುಂಬಬೇಕು, ಮೊದಲೇ ತುಂಬಿದರೆ ಅದು ಕಾಫಿಯ ಅಂಕವಾಗಿರುತ್ತದೆ.

ನನ್ನ ಫಲಿತಾಂಶ? ಸಿಂಹದ ಬೆಳಗುಗಳು ಬಹಳ ಹಿತವಾಗಿದ್ದವು. ಮೇಜಿನ ಹತ್ತಿರ ಉಲ್ಲಾಸದಿಂದ ಬರುತ್ತಿದ್ದೆ, ಇಪ್ಪತ್ತು ನಿಮಿಷಕ್ಕೆ ಏಳುತ್ತಿದ್ದೆ. ಹೌಸ್‌ಫುಲ್ ಆಗಿಹೋದ ಸಿನಿಮಾದ ಹದಿನೇಳನೇ ದೃಶ್ಯ ಬರೆಯಲು ಯಾರಿಗೆ ಉತ್ಸಾಹವಿರುತ್ತದೆ? ಅಂಕಿಯ ಬೆಳಗುಗಳಲ್ಲಿ ಮುಖ ಗಂಟು, ಆದರೆ ಗಂಟೆ ಪೂರ್ತಿ ಕೂತಿರುತ್ತಿದ್ದೆ, ಮುಗಿದ ದೃಶ್ಯಗಳೂ ಆ ದಿನಗಳಲ್ಲೇ ಹೆಚ್ಚು. ಎಷ್ಟು ಹೆಚ್ಚು ಎಂದು ಹೇಳಿ ನಿಮ್ಮ ಲೆಕ್ಕವನ್ನು ಕೆಡಿಸುವುದಿಲ್ಲ. ಒಬ್ಬ ಮನುಷ್ಯ ತನ್ನ ಮೇಲೆ ತಾನೇ ಮಾಡಿದ ಪರೀಕ್ಷೆಗೆ ಬೆಲೆ ಕಡಿಮೆ. ಒಂದು ಅಪವಾದವನ್ನು ಮಾತ್ರ ಹೇಳಬೇಕು. ಜ್ವರ ಬಂದು ನಾಲ್ಕು ದಿನ ತಪ್ಪಿದ ಮೇಲೆ ಐದನೇ ದಿನ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಸಿಂಹವೇ. ಆ ದಿನ ಅಡ್ಡಿಗಳ ಪಟ್ಟಿ ಬರೆಯಲು ಕೂತಿದ್ದರೆ ಮತ್ತೆ ಹೊದ್ದು ಮಲಗುತ್ತಿದ್ದೆ.

ಮದುವೆ ಪತ್ರಿಕೆಯ ಹಿಂಬದಿ

ಒಂದೆಳೆಯಿಂದ ನೇರವಾಗಿ ದೃಶ್ಯ ಬರೆಯಲು ಹೋಗಬೇಡಿ. ಮೊದಲ ಹತ್ತು ದಿನ ಚೀಟಿ ಬರೆಯಿರಿ. ಹಳೆಯ ಮದುವೆ ಪತ್ರಿಕೆಗಳ ಹಿಂಬದಿ ಇದಕ್ಕೆ ಹೇಳಿಮಾಡಿಸಿದ್ದು. ದಪ್ಪ ಕಾಗದ, ನೆಲದ ಮೇಲೆ ಹರಡಿದರೆ ಫ್ಯಾನಿಗೆ ಹಾರುವುದಿಲ್ಲ. ಒಂದು ಚೀಟಿಗೆ ಒಂದು ದೃಶ್ಯ. ಎರಡು ಗಂಟೆಯೊಳಗಿನ ಸಿನಿಮಾಕ್ಕೆ ಅರವತ್ತರಿಂದ ಎಂಬತ್ತು ಚೀಟಿ ಎಂದಿಟ್ಟುಕೊಳ್ಳಿ, ಮೇಲೆ ಕೆಳಗೆ ಆದರೆ ಆಗಲಿ.

ಪ್ರತಿ ಚೀಟಿಯಲ್ಲಿ ಎಲ್ಲಿ, ಯಾರು ಎಂದು ಬರೆದು, ಕೆಳಗೆ ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ದೃಶ್ಯ ಶುರುವಾದಾಗ ಇದ್ದದ್ದು ಮುಗಿಯುವಾಗ ಏನಾಗಿ ಬದಲಾಯಿತು? ನನ್ನ ಮೊದಲ ಸುತ್ತಿನಲ್ಲಿ ಮುನಿಯಪ್ಪ ಮೂರು ಕಡೆ ಚಹಾ ಅಂಗಡಿಯಲ್ಲಿ ಕೂತು ಮಳೆಯ ಬಗ್ಗೆ ಮಾತಾಡುತ್ತಿದ್ದ. ಮೂರರಲ್ಲೂ ಏನೂ ಬದಲಾಗುತ್ತಿರಲಿಲ್ಲ, ನನಗೆ ಚಹಾ ಅಂಗಡಿ ಇಷ್ಟ ಅಷ್ಟೇ. ಎರಡನ್ನು ಹರಿದುಹಾಕಿದೆ. ಮೂರನೆಯದರಲ್ಲಿ ಅಂಗಡಿಯವಳು ಅವನ ಲೋಟಕ್ಕೆ ಚಹಾ ಸುರಿದು ‘ಇವತ್ತಿನಿಂದ ದುಡ್ಡು ಕೊಟ್ಟು ಕುಡಿ’ ಎನ್ನುವಂತೆ ಮಾಡಿದೆ. ನೀರು ತೋರಿಸುವವನಿಗೆ ಊರಿನಲ್ಲಿ ಅಲ್ಲಿಯವರೆಗೆ ಚಹಾ ಬಿಟ್ಟಿ. ಮರ್ಯಾದೆ ಹೋಯಿತು ಎಂದು ಯಾರ ಬಾಯಿಂದಲೂ ಹೇಳಿಸಬೇಕಾಗಲಿಲ್ಲ.

ಅಮೆರಿಕದ ಕೈಪಿಡಿಗಳು ಕಥೆಯನ್ನು ಆರಂಭ, ನಡು, ಕೊನೆ ಎಂದು ನಾಟಕದಂತೆ ಮೂರು ಅಂಕಗಳಾಗಿ ಒಡೆಯುವ ಲೆಕ್ಕ ಹೇಳುತ್ತವೆ. ನಮ್ಮಲ್ಲಿ ಇಂಟರ್ವಲ್ ಇದೆ. ಜನ ಎದ್ದು ಹೊರಗೆ ಹೋಗಿ, ಪಾಪ್‌ಕಾರ್ನ್ ಕೊಂಡು, ಮೂತ್ರಾಲಯದ ಸಾಲಿನಲ್ಲಿ ನಿಂತು ಕಥೆಯ ಬಗ್ಗೆ ಮಾತಾಡುತ್ತಾರೆ. ಆದ್ದರಿಂದ ಮೊದಲು ಮೂರು ಚೀಟಿ ಬರೆದು ನೆಲದ ಮೇಲಿಡಿ: ಮೊದಲ ದೃಶ್ಯ, ಇಂಟರ್ವಲ್‌ಗೆ ಮುಂಚಿನ ದೃಶ್ಯ, ಕೊನೆಯ ದೃಶ್ಯ. ಇಂಟರ್ವಲ್ ಚೀಟಿಯಲ್ಲಿ ಸಾಲಿನಲ್ಲಿ ನಿಂತವರು ಯಾವ ಪ್ರಶ್ನೆ ಕೇಳಿಕೊಳ್ಳಬೇಕು ಎಂಬುದನ್ನೇ ಬರೆಯಿರಿ. ನಡುವಿನ ಜಾಗ ಆಮೇಲೆ ತುಂಬುತ್ತದೆ.

ಹಾಳೆಯ ಮೇಲೆ ಒಂದು ದೃಶ್ಯ

ಚಿತ್ರಕಥೆಯ ರೂಪ ಕಷ್ಟದ್ದಲ್ಲ. ದೃಶ್ಯದ ಸಂಖ್ಯೆ; ಒಳಾಂಗಣವೋ ಹೊರಾಂಗಣವೋ, ಯಾವ ಸ್ಥಳ, ಹಗಲೋ ರಾತ್ರಿಯೋ; ಕಾಣುವುದು ಕೇಳುವುದು; ಪಾತ್ರದ ಹೆಸರು, ಅದರ ಕೆಳಗೆ ಮಾತು. ಪುಟವನ್ನು ಉದ್ದಕ್ಕೆ ಸೀಳಿ ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಬರೆಯುವ ಪದ್ಧತಿಯೂ ಇದೆ. ಯಾವುದಾದರೂ ಸರಿ, ನಡುವೆ ಬದಲಿಸಬೇಡಿ. ನನ್ನ ಹದಿನಾಲ್ಕನೇ ದೃಶ್ಯ ಹೀಗಿದೆ:

ದೃಶ್ಯ 14. ಹೊರಾಂಗಣ. ವೆಂಕಟೇಶನ ಹೊಲ. ರಾತ್ರಿ.

ಬೋರ್ ಲಾರಿಯ ದೀಪ. ಯಂತ್ರದ ಗದ್ದಲ. ನೆಲದಿಂದ ಎದ್ದ ಬಿಳಿ ಧೂಳು ಸುತ್ತ ನಿಂತವರ ತಲೆಯ ಮೇಲೆ ಕೂರುತ್ತಿದೆ. ಮುನಿಯಪ್ಪ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ತೆಂಗಿನಕಾಯಿ. ಯಂತ್ರ ನಿಲ್ಲುತ್ತದೆ. ಜೀರುಂಡೆಯ ಸದ್ದು.

ವೆಂಕಟೇಶ
ಎಷ್ಟು ಅಡಿ?

ಲಾರಿಯವನು
ಸಾವಿರದ ಇನ್ನೂರು.

ವೆಂಕಟೇಶ ಬದುವಿನ ಕಡೆ ತಿರುಗುತ್ತಾನೆ.

ವೆಂಕಟೇಶ
ಇನ್ನೊಂದು ನೂರು, ಅಣ್ಣ?

ಮುನಿಯಪ್ಪ ತಲೆ ಎತ್ತುವುದಿಲ್ಲ. ಕಾಯಿಯನ್ನು ಟವೆಲಿನಲ್ಲಿ ಸುತ್ತತೊಡಗುತ್ತಾನೆ.

ಮೊದಲ ಸಲ ಬರೆದಾಗ ಇಲ್ಲಿ ‘ಮುನಿಯಪ್ಪನಿಗೆ ನೆಲವೇ ಬಿರಿದಂತಾಯಿತು, ತಂದೆ ಕಲಿಸಿದ ವಿದ್ಯೆ ಕೈಕೊಟ್ಟ ನೋವು ಅವನನ್ನು ಹಿಂಡಿತು’ ಎಂದಿತ್ತು. ಕಾದಂಬರಿಯಲ್ಲಿ ನಡೆಯಬಹುದಾದ ಸಾಲು. ಛಾಯಾಗ್ರಾಹಕ ಕ್ಯಾಮೆರಾವನ್ನು ಎತ್ತ ತಿರುಗಿಸಿದರೂ ಅದು ಸಿಗುವುದಿಲ್ಲ. ಕಥೆ, ಕವನ ಬರೆದು ರೂಢಿಯಿರುವ ನಮ್ಮಂಥವರ ದೊಡ್ಡ ಕಾಯಿಲೆಯೇ ಇದು. ಕಣ್ಣಿಗೆ ಕಾಣುವುದನ್ನು, ಕಿವಿಗೆ ಕೇಳುವುದನ್ನು ವರ್ತಮಾನ ಕಾಲದಲ್ಲಿ ಬರೆಯಿರಿ. ‘ಅನಿಸಿತು’, ‘ನೆನಪಾಯಿತು’, ‘ಅರಿವಾಯಿತು’ ಎಂಬ ಕ್ರಿಯಾಪದಗಳು ಬಂದಲ್ಲೆಲ್ಲ ಕೆಂಪು ಗೆರೆ ಎಳೆಯಿರಿ. ನನ್ನ ಮೊದಲ ಇಪ್ಪತ್ತು ಪುಟ ಗಣೇಶ ಚತುರ್ಥಿಯ ತೋರಣದಂತೆ ಕಾಣುತ್ತಿತ್ತು.

ಪುಟದ ಲೆಕ್ಕದಲ್ಲಿ ಒಂದು ಎಚ್ಚರಿಕೆ. ಹಾಲಿವುಡ್ಡಿನವರು ಕೊರಿಯರ್ ಎಂಬ ಫಾಂಟಿನ ಹನ್ನೆರಡು ಪಾಯಿಂಟ್ ಅಳತೆಯ ಅಕ್ಷರದಲ್ಲಿ ಬೆರಳಚ್ಚು ಮಾಡಿ, ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎನ್ನುತ್ತಾರೆ. ಆ ಲೆಕ್ಕದಲ್ಲಿ ಪೂರ್ಣಾವಧಿ ಚಿತ್ರಕ್ಕೆ 90ರಿಂದ 120 ಪುಟ. ಆ ನಿಯಮ ನಿಂತಿರುವುದು ಎಲ್ಲ ಅಕ್ಷರಗಳ ಅಗಲ ಒಂದೇ ಇರುವ ಫಾಂಟಿನ ಮೇಲೆ. ನಮ್ಮ ಒತ್ತಕ್ಷರ, ದೀರ್ಘ, ಸಾಲಿನ ಎತ್ತರಗಳಿಗೆ ಅದು ಹೊಂದುವುದಿಲ್ಲ, ಫಾಂಟ್ ಬದಲಿಸಿದರೆ ಪುಟಗಳ ಸಂಖ್ಯೆಯೂ ಬದಲಾಗುತ್ತದೆ. ನಿಮ್ಮದೇ ಅಳತೆ ಮಾಡಿಕೊಳ್ಳಿ: ಮುಗಿದ ಐದು ದೃಶ್ಯಗಳನ್ನು ನಟಿಸಿದಂತೆ ಓದಿ, ಮೌನಕ್ಕೂ ನಡಿಗೆಗೂ ಸಮಯ ಬಿಟ್ಟು, ಮೊಬೈಲ್ ಗಡಿಯಾರದಲ್ಲಿ ನಿಮಿಷ ನೋಡಿ, ಪುಟಗಳಿಂದ ಭಾಗಿಸಿ.

ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಕಥೆ ಚುಕ್ಕೆ ಗೆರೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಚಿತ್ರಕಥೆಗೆಂದೇ ಮಾಡಿದ ತಂತ್ರಾಂಶವನ್ನು ದುಡ್ಡು ಕೊಟ್ಟು ಕೊಳ್ಳುವ ಮೊದಲು ‘ಕೃಷ್ಣಪ್ಪ’, ‘ಸ್ವಾತಂತ್ರ್ಯ’ ಎಂದು ಟೈಪಿಸಿ, ಪಿಡಿಎಫ್ ಮಾಡಿ, ಒತ್ತುಗಳು ಸರಿಯಾಗಿ ಕೂತಿವೆಯೇ ನೋಡಿ.

ಇಂಟರ್ವಲ್ ದಾಟಿದ ಮೇಲಿನ ಮರುಭೂಮಿ

ನಾನು ಸಿಕ್ಕಿಹಾಕಿಕೊಂಡದ್ದು ಮೂವತ್ತನಾಲ್ಕನೇ ದೃಶ್ಯದಲ್ಲಿ. ಮೊದಲ ಅರ್ಧದ ಹುರುಪು ಇಳಿದಿತ್ತು, ಕೊನೆ ಇನ್ನೂ ದೂರ. ಕನ್ನಡಿಗೆ ಒಂದು ಚೀಟಿ ಅಂಟಿಸಿಕೊಂಡೆ: ‘ನಾನು ಒಳ್ಳೆಯ ಬರಹಗಾರ.’ ಹಲ್ಲುಜ್ಜುವಾಗ ಅದನ್ನು ನೋಡಿದರೆ ಒಳಗಿನಿಂದ ಯಾರೋ ‘ಹೌದೇ? ಎಲ್ಲಿ, ತೋರಿಸು’ ಎನ್ನುತ್ತಿದ್ದರು. ಒಂದು ವಾರದಲ್ಲಿ ನೋಟ್‌ಬುಕ್ಕಿನ ಐದನೇ ಗೆರೆಯ ಅಂಕಗಳು ಏಳರಿಂದ ಮೂರಕ್ಕೆ ಇಳಿದವು.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಕಂಡಿದ್ದರು. ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂಬಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯವಿದ್ದವರಿಗೆ ತುಸು ಹಿತವಾಗಿತ್ತು; ಇಲ್ಲದವರಿಗೆ ಮೊದಲಿಗಿಂತ ಬೇಸರವಾಗಿತ್ತು. ಉಳ್ಳವರಿಗೇ ಸಾಲ ಕೊಡುವ ಬ್ಯಾಂಕಿನ ಹಾಗೆ. ನಾನು ಚೀಟಿ ಬದಲಿಸಿದೆ: ‘ನಿನ್ನೆಯವರೆಗೆ ಮೂವತ್ತಮೂರು ದೃಶ್ಯ ಬರೆದಿದ್ದೇನೆ.’ ಇದಕ್ಕೆ ಒಳಗಿನವನ ಬಳಿ ಉತ್ತರವಿರಲಿಲ್ಲ. ಎಣಿಸಿ ತೋರಿಸಬಹುದಾದ ಮಾತನ್ನೇ ಅಂಟಿಸಿಕೊಳ್ಳಿ, ಅಂಕಿಯನ್ನು ದಿನಾ ತಿದ್ದಿ.

ಇನ್ನೊಂದು ಉಪಾಯ ‘ಹೀಗಾದರೆ, ಹೀಗೆ’ ಎಂಬ ಸಾಲು. ಇದನ್ನು ಕ್ರಮವಾಗಿ ಅಧ್ಯಯನ ಮಾಡಿದವರು ಜರ್ಮನ್ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್. ಅವರ ಒಂದು ಪ್ರಯೋಗ ಬರೆಯುವವರಿಗೆ ತಮಾಷೆಯಾಗಿ ಕಾಣಬಹುದು. ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರೆಂದು ಎರಡು ದಿನದೊಳಗೆ ಬರೆದು ಕಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದ್ದರು. ಯಾವಾಗ, ಎಲ್ಲಿ ಕೂತು ಬರೆಯುತ್ತೇನೆಂದು ಮೊದಲೇ ನಿಗದಿಮಾಡಿಕೊಂಡವರಲ್ಲಿ ಬಹುಪಾಲು ಮಂದಿ ಬರೆದು ಕಳಿಸಿದರು. ಉಳಿದವರಲ್ಲಿ ಸುಮಾರು ಮೂರನೇ ಒಂದು ಭಾಗದವರು ಮಾತ್ರ. ಅಂಕಿಯ ದಿನಗಳಲ್ಲಿ ನಾನು ಬರೆದುಕೊಂಡ ಕೆಲವು ಸಾಲುಗಳು:

ಮೊಬೈಲಿನ ಕಡೆ ಕೈ ಹೋದರೆ, ಆ ಕ್ಷಣ ಪಾತ್ರದ ಕೈಯಲ್ಲಿ ಏನಿದೆ ಎಂದು ಬರೆಯುತ್ತೇನೆ.
ಮಾತು ಹೊಳೆಯದಿದ್ದರೆ, ಇಬ್ಬರನ್ನೂ ಸುಮ್ಮನಿರಿಸಿ ದೃಶ್ಯ ಮುಗಿಸುತ್ತೇನೆ.
ನಿನ್ನೆ ಬರೆದದ್ದನ್ನು ತಿದ್ದಬೇಕೆನಿಸಿದರೆ, ಅಂಚಿನಲ್ಲಿ ನಕ್ಷತ್ರ ಹಾಕಿ ಮುಂದೆ ಹೋಗುತ್ತೇನೆ.

ಅಡ್ಡಿಯನ್ನು ಹುಡುಕುವಾಗ ನೆರೆಮನೆಯ ಮಿಕ್ಸಿ, ಕರೆಂಟು, ಕಚೇರಿ ಎಂದು ಹೊರಗಿನದನ್ನೇ ಬರೆದು ಮುಗಿಸಬೇಡಿ. ನಾನೂ ಮೊದಲ ಎರಡು ವಾರ ಮಿಕ್ಸಿಯನ್ನೇ ಬೈದೆ. ನಿಜವಾದದ್ದು ಮೂರನೇ ವಾರ ಬಂತು: ದೃಶ್ಯ ಕೆಟ್ಟದಾಗಿ ಬಂದರೆ ಎರಡು ವರ್ಷ ಕಂಡ ಕನಸು ಸುಳ್ಳಾಗುತ್ತದಲ್ಲ ಎಂಬ ಹೆದರಿಕೆ. ಬರೆಯದೆ ಇದ್ದಷ್ಟು ದಿನವೂ ನಾನು ಒಳ್ಳೆಯ ಬರಹಗಾರನೇ ಆಗಿದ್ದೆ. ಅದನ್ನು ಕಾಗದಕ್ಕಿಳಿಸಿದ ಬೆಳಗ್ಗೆ ಮೂವತ್ತನಾಲ್ಕನೇ ದೃಶ್ಯವನ್ನು ಬೇಕೆಂದೇ ಕೆಟ್ಟದಾಗಿ, ಹದಿನೈದು ನಿಮಿಷದಲ್ಲಿ ಬರೆದು ಬಿಸಾಕಿದೆ. ಮಾರನೇ ದಿನ ಮೂವತ್ತೈದು ಬಂತು.

ಗಟ್ಟಿಯಾಗಿ ಓದಿಸಿ

ಕರಡು ಮುಗಿದ ಮೇಲೆ ಎರಡು ವಾರ ಕಟ್ಟಿಡಿ. ಆಮೇಲೆ ನಾಲ್ಕು ಜನರನ್ನು ಕೂರಿಸಿ ಪಾತ್ರ ಹಂಚಿ ಓದಿಸಿ. ನೀವು ಓದಬೇಡಿ, ಪೆನ್ಸಿಲ್ ಹಿಡಿದು ಕೇಳಿ. ಓದುವವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಮಾತು ಪುಸ್ತಕದಿಂದ ಬಂದಿದೆ. ಕೋಲಾರದ ರೈತ ಧಾರವಾಡದ ಮೇಷ್ಟರಂತೆ ಮಾತಾಡಿದ್ದು ನನಗೆ ಗೊತ್ತಾದದ್ದು ಹೀಗೆ. ಮುನಿಯಪ್ಪನ ಹೆಂಡತಿಯ ಪಾತ್ರ ಓದುತ್ತಿದ್ದ ನನ್ನ ಅಕ್ಕ ನಡುವೆ ನಿಲ್ಲಿಸಿ, ‘ಇಷ್ಟೆಲ್ಲ ಆದ ಮೇಲೆ ನಾನಾಗಿದ್ದರೆ ಮಾತೇ ಆಡುತ್ತಿರಲಿಲ್ಲ, ತಟ್ಟೆ ಇಟ್ಟು ಹೋಗುತ್ತಿದ್ದೆ’ ಎಂದಳು. ಒಂದು ಪುಟದ ಸಂಭಾಷಣೆ ಹೋಗಿ ಒಂದು ತಟ್ಟೆ ಬಂತು.

ಕಾಗದಪತ್ರ

ಯಾರಿಗಾದರೂ ಕಳಿಸುವ ಮೊದಲು ಇದನ್ನು ಮುಗಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಜಗಳ ಬಂದಾಗ ಸಾಕ್ಷಿಗೆ ಅದು ಬೇಕಾಗುತ್ತದೆ. ಕೃತಿಸ್ವಾಮ್ಯ ಕಚೇರಿಯ ಜಾಲತಾಣದಲ್ಲಿ ಸಾಹಿತ್ಯ ಕೃತಿ ಎಂದು ಅರ್ಜಿ ಹಾಕಬಹುದು, ಶುಲ್ಕ 500 ರೂಪಾಯಿ. ಆಕ್ಷೇಪಣೆಗೆಂದು 30 ದಿನ ಕಾಯಬೇಕು, ಆಮೇಲೆ ಪರಿಶೀಲನೆ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ತನ್ನ ಸದಸ್ಯರ ಕಥೆಗಳನ್ನು ಆನ್‌ಲೈನಿನಲ್ಲೇ ನೋಂದಾಯಿಸಿಕೊಳ್ಳುತ್ತದೆ.

ಒಂದೆಳೆಗೆ ರಕ್ಷಣೆಯಿಲ್ಲ. ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಬರೆದ ರೀತಿಗೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿತು. ‘ನೀರು ತೋರಿಸುವವನ ಕಥೆ’ಯನ್ನು ಯಾರು ಬೇಕಾದರೂ ಬರೆಯಬಹುದು; ಆದ್ದರಿಂದ ಕಾಫಿ ಕುಡಿಯುತ್ತ ಹೇಳಿಕೊಂಡು ತಿರುಗುವುದಕ್ಕಿಂತ ಪೂರ್ತಿ ಬರೆದು ನೋಂದಾಯಿಸುವುದು ಕ್ಷೇಮ. ಕಥೆ ಮಾರುವ ಒಪ್ಪಂದ ಬರವಣಿಗೆಯಲ್ಲಿರಬೇಕು, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ ಎಂಬುದು ಅದರಲ್ಲಿರಬೇಕು. ಅವಧಿ ಬರೆದಿಲ್ಲದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆದಿಲ್ಲದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ‘ಎಲ್ಲ ಹಕ್ಕುಗಳೂ, ಶಾಶ್ವತವಾಗಿ, ಇಡೀ ಜಗತ್ತಿಗೆ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಟ್ಟು ವಕೀಲರ ಹತ್ತಿರ ಹೋಗಿ. ಇಲ್ಲಿ ಸಕಾರಾತ್ಮಕ ಚಿಂತನೆ ಬೇಡ.

ಕಥೆ ಹೇಳುವ ದಿನ

ನಮ್ಮಲ್ಲಿ ಚಿತ್ರಕಥೆಯನ್ನು ಓದುವ ನಿರ್ಮಾಪಕರು ಕಡಿಮೆ, ಕೇಳುವವರೇ ಹೆಚ್ಚು. ಹದಿನೈದು ನಿಮಿಷದ್ದು ಒಂದು, ಪೂರ್ತಿ ಎರಡು ಗಂಟೆಯದು ಒಂದು, ಹೀಗೆ ಎರಡು ನಿರೂಪಣೆ ತಯಾರಿಟ್ಟುಕೊಳ್ಳಿ. ಹಾಳೆ ನೋಡದೆ ಹೇಳಲು ಬರಬೇಕು. ಪಾತ್ರಗಳ ಹೆಸರು ಮೊದಲ ಐದು ನಿಮಿಷದಲ್ಲಿ ಮೂರಕ್ಕಿಂತ ಹೆಚ್ಚು ಬೇಡ, ಕೇಳುವವರು ಕಳೆದುಹೋಗುತ್ತಾರೆ. ಹಿನ್ನೆಲೆ ಸಂಗೀತವನ್ನು ಬಾಯಲ್ಲಿ ನುಡಿಸಬೇಡಿ.

ಒಬ್ಬ ನಿರ್ಮಾಪಕರಿಗೆ ಕಥೆ ಹೇಳಲು ಹೊರಡುವ ಬೆಳಗ್ಗೆಯೂ ನಾಣ್ಯ ಚಿಮ್ಮಿದೆ, ಅಂಕಿ ಬಿತ್ತು. ಅಡ್ಡಿ: ಅವರು ಮೊಬೈಲ್ ನೋಡಿದರೆ ನಾನು ಗಡಿಬಿಡಿಯಲ್ಲಿ ಓಡಿಸುತ್ತೇನೆ. ಯೋಜನೆ: ಅವರು ಮೊಬೈಲ್ ನೋಡಿದರೆ, ನಾನು ನಿಲ್ಲಿಸಿ ನೀರು ಕುಡಿಯುತ್ತೇನೆ. ಅವತ್ತು ಎರಡು ಸಲ ನೀರು ಕುಡಿದೆ. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಕೊನೆಯಲ್ಲಿ ನೀರು ಬರುತ್ತದೆಯೇ ಇಲ್ಲವೇ ಎಂದು. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದರು, ಇನ್ನೂ ಹೇಳಿಲ್ಲ. ಬಸ್ಸಿನಲ್ಲಿ ಕೂತು ನೋಟ್‌ಬುಕ್ಕು ತೆಗೆದು, ನೀರು ಕುಡಿದದ್ದು ಯಾವ ಯಾವ ದೃಶ್ಯಗಳಲ್ಲಿ ಎಂದು ಗುರುತು ಹಾಕಿಕೊಂಡೆ: ಒಂಬತ್ತು ಮತ್ತು ನಲವತ್ತೆರಡು. ಒಂಬತ್ತನ್ನು ಆ ವಾರವೇ ತೆಗೆದುಹಾಕಿದೆ. ನಲವತ್ತೆರಡನ್ನು ಈಗ ನಾಲ್ಕನೇ ಸಲ ಬರೆಯುತ್ತಿದ್ದೇನೆ.